ಸಾಲಗಾರನ ಕೈಯಲ್ಲಿ ನ್ಯಾಯಸ್ಥಾನದ ಬೀಗದಕೈ

ಆಫ್ರಿಕಾ ಖಂಡದ ರಾಷ್ಟ್ರಗಳು ತಮ್ಮ ತಮ್ಮೊಳಗೆ ಮಾಡಿಕೊಂಡಿರುವ ಒಡಂಬಡಿಕೆಗಳ ಪ್ರಸ್ತಾಪ ಬಂದಾಗ ನಮ್ಮಲ್ಲಿನ ವಿದ್ಯಾವಂತರು ಎರಡು ಬಗೆಯ ಮಾತುಗಳನ್ನಾಡುವುದುಂಟು. "ಅಲ್ಲಿ ಒಡಂಬಡಿಕೆಯೆಂದರೆ ಬರಿಯ ಕಾಗದ, ರುಜು ಹಾಕಿದವರೂ ಅದನ್ನು ಓದುವುದಿಲ್ಲ" ಎಂಬುದು ಒಂದು. "ಸ್ವತಂತ್ರ ರಾಷ್ಟ್ರವೊಂದು ತನ್ನ ಮನೆಯ ವಿಚಾರವನ್ನು ಹೊರಗಿನ ನ್ಯಾಯಾಧೀಶರ ಮುಂದೆ ಏಕೆ ಇಡಬೇಕು?" ಎಂಬುದು ಇನ್ನೊಂದು. ಮೊದಲನೆಯದು ತಾತ್ಸಾರದ ಮಾತು. ಎರಡನೆಯದು ಗೌರವದ ವೇಷ ತೊಟ್ಟು ಬಂದ ಮಾತು. ಇವೆರಡರ ಫಲ ಮಾತ್ರ ಒಂದೇ: ಮಾತು ಕೊಟ್ಟ ಸರ್ಕಾರವನ್ನು ಕೇಳುವವರೇ ಇಲ್ಲದಂತೆ ಮಾಡುವುದು. ಕೊಟ್ಟ ಮಾತನ್ನು ಕೇಳುವ ಅಧಿಕಾರವು ಆಯಾ ದೇಶದ ಪ್ರಜೆಗಳಿಗೆ ಸೇರತಕ್ಕದ್ದು. ಅದು ಸರ್ಕಾರದ ದಯೆಯ ಮೇಲೆ ನಿಂತಿರಕೂಡದು. ಈ ಲೇಖನದ ವಾದ ಇಷ್ಟೆ.

ಆಫ್ರಿಕಾ ಐಕ್ಯಸಂಸ್ಥೆಯು ಆಡಿಸ್ ಅಬಾಬ ನಗರದಲ್ಲಿ ೧೯೬೩ರ ಮೇ ೨೫ರಂದು ಸ್ಥಾಪಿತವಾಯಿತು. ಪರಕೀಯರ ಆಳ್ವಿಕೆಯಿಂದ ಖಂಡವನ್ನು ಬಿಡಿಸುವುದು ಆಗ ಅದರ ಮೊದಲ ಕೆಲಸವಾಗಿತ್ತು; ಒಬ್ಬರ ಒಳಾಡಳಿತದಲ್ಲಿ ಮತ್ತೊಬ್ಬರು ಕೈಹಾಕಕೂಡದೆಂಬುದು ಅದರ ಮೂಲಸೂತ್ರಗಳಲ್ಲೊಂದಾಗಿತ್ತು. ಹೊಸದಾಗಿ ಸ್ವಾತಂತ್ರ್ಯ ಪಡೆದವರಿಗೆ ಈ ಸೂತ್ರವು ಏಕೆ ಪ್ರಿಯವಾಯಿತೆಂಬುದನ್ನು ಭಾರತೀಯರಾದ ನಮಗೆ ಬಿಡಿಸಿ ಹೇಳಬೇಕಾದುದಿಲ್ಲ. ಆದರೆ ಪರಕೀಯನನ್ನು ಹೊರಗಿಡಲು ಕಟ್ಟಿದ ಗೋಡೆಯೇ ಸ್ವಕೀಯರ ದುರಾಡಳಿತಕ್ಕೆ ಮರೆಯಾಯಿತು. ೧೯೭೧ರಲ್ಲಿ ಉಗಾಂಡದ ಅಧಿಕಾರವನ್ನು ಹಿಡಿದು, ಮರುವರ್ಷವೇ ಅಲ್ಲಿ ನೆಲಸಿದ್ದ ಭಾರತೀಯ ಮೂಲದವರನ್ನು ತೊಂಬತ್ತು ದಿನಗಳ ಗಡುವಿನಲ್ಲಿ ಹೊರದೂಡಿ, ತನ್ನ ಪ್ರಜೆಗಳನ್ನೇ ಸಾವಿರ ಸಾವಿರ ಸಂಖ್ಯೆಯಲ್ಲಿ ಕೊಲ್ಲಿಸಿದ ಇದಿ ಅಮೀನನು ೧೯೭೫ರಲ್ಲಿ ಅದೇ ಸಂಸ್ಥೆಯ ಅಧ್ಯಕ್ಷಪೀಠವನ್ನೇರಿದನು. ಟಾಂಜಾನಿಯದ ನೈರೇರೆಯವರಂಥ ಕೆಲವರು ಆ ಸಭೆಗೆ ಹೋಗಲಿಲ್ಲ, ಬಹುಮಂದಿ ಹೋದರು.

ಈ ಲಜ್ಜೆಯ ನೆನಪು ಮಾಸುವ ಮೊದಲೇ, ೧೯೮೧ರ ಜೂನ್ ತಿಂಗಳಿನಲ್ಲಿ, ನೈರೋಬಿಯಲ್ಲಿ ಸೇರಿದ ರಾಷ್ಟ್ರನಾಯಕರು ಮಾನವರ ಹಾಗೂ ಜನಾಂಗಗಳ ಹಕ್ಕುಗಳ ಆಫ್ರಿಕಾ ಸನ್ನದನ್ನು ಅಂಗೀಕರಿಸಿದರು. ೧೯೮೬ರ ಅಕ್ಟೋಬರ್ ೨೧ರಂದು ಅದು ಜಾರಿಗೆ ಬಂದಿತು. ಪ್ರಾಣ, ಮಾನ, ವಾಕ್‌ಸ್ವಾತಂತ್ರ್ಯ, ನ್ಯಾಯವಿಚಾರಣೆ ಇವುಗಳ ಜತೆಗೆ ಆರೋಗ್ಯ, ವಿದ್ಯಾಭ್ಯಾಸ, ತಮ್ಮ ನೆಲದ ಸಂಪತ್ತಿನಲ್ಲಿ ಜನಾಂಗಗಳಿಗಿರುವ ಪಾಲು ಇವನ್ನೂ ಅದು ಹಕ್ಕುಗಳೆಂದು ಹೇಳುತ್ತದೆ. ಇದನ್ನು ಬರೆದವರು ಆಫ್ರಿಕಾದವರೇ, ಒಪ್ಪಿದವರೂ ಅವರೇ. ಯಾವ ಐರೋಪ್ಯ ದೊರೆಯೂ ಅವರ ಕೈ ಹಿಡಿದು ರುಜು ಹಾಕಿಸಲಿಲ್ಲ. ಸನ್ನದನ್ನು ಹೇಗೆ ಪಾಲಿಸುತ್ತಿದ್ದೇವೆಂದು ಎರಡು ವರ್ಷಕ್ಕೊಮ್ಮೆ ವರದಿಯೊಪ್ಪಿಸುವೆವೆಂದು ಕೂಡ ಸರ್ಕಾರಗಳು ಅದರ ೬೨ನೆಯ ವಿಧಿಯಲ್ಲಿ ಮಾತು ಕೊಟ್ಟವು. ಅದನ್ನು ನೋಡಿಕೊಳ್ಳಲು ಗ್ಯಾಂಬಿಯದ ಬಾಂಜುಲ್ ನಗರದಲ್ಲಿ ಒಂದು ಆಯೋಗವೂ ಏರ್ಪಟ್ಟಿತು. ಆದರೆ ಆಯೋಗ ಶಿಫಾರಸು ಮಾಡಬಲ್ಲುದೇ ಹೊರತು ಆಜ್ಞಾಪಿಸಲಾರದು. ವರದಿಗಳ ಗತಿಯನ್ನು ಕೇಳುವುದೇ ಬೇಡ: ವಾಯಿದೆಗೆ ಸರಿಯಾಗಿ ಒಪ್ಪಿಸುವ ಸರ್ಕಾರಗಳು ಅಪರೂಪ, ವರ್ಷಗಟ್ಟಲೆ ಬಾಕಿ ಉಳಿಸಿಕೊಂಡವು ಅನೇಕ.

ಆದುದರಿಂದ ಆಜ್ಞಾಪಿಸಬಲ್ಲ ನ್ಯಾಯಸ್ಥಾನವೊಂದು ಬೇಕೆಂಬ ಕೂಗೆದ್ದು, ೧೯೯೮ರ ಜೂನಿನಲ್ಲಿ ವಾಗಡೂಗು ನಗರದಲ್ಲಿ ಅದಕ್ಕಾಗಿ ಬೇರೊಂದು ಒಡಂಬಡಿಕೆಯಾಯಿತು. ಅದು ೨೦೦೪ರ ಜನವರಿಯಲ್ಲಿ ಜಾರಿಗೆ ಬಂದು, ಟಾಂಜಾನಿಯದ ಅರೂಷಾದಲ್ಲಿ ಆಫ್ರಿಕಾ ನ್ಯಾಯಸ್ಥಾನವು ನೆಲೆಗೊಂಡಿತು. ಅದರ ತೀರ್ಪು ಸರ್ಕಾರಗಳನ್ನು ಕಟ್ಟುತ್ತದೆ. ಇಷ್ಟರವರೆಗೆ ಎಲ್ಲವೂ ಶುಭವೇ. ಆದರೆ ಕರಾರುಪತ್ರಗಳನ್ನು ಓದಿ ಅಭ್ಯಾಸವುಳ್ಳವರು ಕೊನೆಯ ಪುಟದ ಸಣ್ಣ ಅಕ್ಷರಗಳನ್ನು ಮೊದಲು ನೋಡುತ್ತಾರೆ. ಈ ಒಡಂಬಡಿಕೆಯ ೩೪ನೆಯ ವಿಧಿಯ ೬ನೆಯ ಉಪವಿಧಿಯು ಏನು ಹೇಳುತ್ತದೆಂದರೆ: ಪ್ರಜೆಯೊಬ್ಬನಾಗಲಿ ಸಾರ್ವಜನಿಕ ಸಂಘವೊಂದಾಗಲಿ ನೇರವಾಗಿ ದಾವೆ ಹೂಡಬೇಕಾದರೆ, ಆ ದಾವೆಗೆ ಗುರಿಯಾಗುವ ಸರ್ಕಾರವು "ಇಂಥ ದಾವೆಗಳಿಗೆ ನನ್ನ ಒಪ್ಪಿಗೆಯುಂಟು" ಎಂಬ ಪ್ರತ್ಯೇಕ ಘೋಷಣೆಯನ್ನು ಮುಂಚಿತವಾಗಿ ಮಾಡಿರತಕ್ಕದ್ದು!

ವಾಚಕರು ಇದನ್ನು ತಮ್ಮ ಊರಿನ ಮುನ್ಸೀಫ್ ಕೋರ್ಟಿಗೆ ಅನ್ವಯಿಸಿ ನೋಡಬೇಕು. ಸಾಲ ಕೊಟ್ಟವನು ಪತ್ರ ಹಿಡಿದು ಕಚೇರಿಯ ಬಾಗಿಲಿಗೆ ಬರುತ್ತಾನೆ. ಬಾಗಿಲಿಗೆ ಬೀಗ. ಬೀಗದಕೈ ಎಲ್ಲಿದೆಯೆಂದರೆ, ಸಾಲಗಾರನ ಸೊಂಟದಲ್ಲಿದೆ. "ಅವನು ತೆರೆದರೆ ಒಳಗೆ ಬನ್ನಿ, ಒಳಗೆ ಬಂದಮೇಲೆ ನ್ಯಾಯ ಖಂಡಿತ" ಎಂದು ದ್ವಾರಪಾಲಕನು ವಿನಯದಿಂದ ಹೇಳುತ್ತಾನೆ. ಐವತ್ತೈದು ರಾಷ್ಟ್ರಗಳ ಆಫ್ರಿಕಾ ಒಕ್ಕೂಟದಲ್ಲಿ ಈ ನ್ಯಾಯಸ್ಥಾನವನ್ನು ಒಪ್ಪಿದವು ೩೪. ಅವುಗಳಲ್ಲಿ ಪ್ರಜೆಗಳಿಗೆ ಬಾಗಿಲು ತೆರೆಯುವ ಘೋಷಣೆಯನ್ನು ಮಾಡಿದವು ಹನ್ನೆರಡು ಮಾತ್ರ.

ಆ ಹನ್ನೆರಡಾದರೂ ತೆರೆದ ಬಾಗಿಲನ್ನು ತೆರೆದೇ ಇಟ್ಟವೆ? ರುವಾಂಡ ಸರ್ಕಾರವು ತನ್ನ ವಿರೋಧಪಕ್ಷದ ನಾಯಕಿ ವಿಕ್ತೋರ್ ಇಂಗಬೀರೆಯವರ ದಾವೆ ವಿಚಾರಣೆಗೆ ಬರಲು ಕೆಲವೇ ದಿನಗಳಿದ್ದಾಗ, ೨೦೧೬ರಲ್ಲಿ, ಘೋಷಣೆಯನ್ನು ಹಿಂತೆಗೆದುಕೊಂಡಿತು. ನ್ಯಾಯಸ್ಥಾನವು ಬೆದರಲಿಲ್ಲ, ಹಿಂತೆಗೆತವು ಒಂದು ವರ್ಷದ ಮೇಲಷ್ಟೆ ಫಲಿಸುವುದೆಂದು ಹೇಳಿ, ೨೦೧೭ರ ನವೆಂಬರಿನಲ್ಲಿ ಆಕೆಯ ವಾಕ್‌ಸ್ವಾತಂತ್ರ್ಯಕ್ಕೆ ಭಂಗವಾಗಿದೆಯೆಂದು ತೀರ್ಪಿತ್ತಿತು. ಬಳಿಕ ೨೦೧೯ರ ನವೆಂಬರಿನಲ್ಲಿ ಟಾಂಜಾನಿಯ ಬಾಗಿಲು ಹಾಕಿತು. ಇದರ ವಿಪರ್ಯಾಸವನ್ನು ನೋಡಿ: ನ್ಯಾಯಸ್ಥಾನಕ್ಕೆ ತನ್ನ ನೆಲದಲ್ಲಿ ಮನೆಯಿತ್ತು ಅತಿಥೇಯನೆಂಬ ಕೀರ್ತಿಯನ್ನು ಇಟ್ಟುಕೊಂಡ ಸರ್ಕಾರ, ತನ್ನ ಪ್ರಜೆ ಮಾತ್ರ ಆ ಮನೆಯ ಮೆಟ್ಟಿಲು ಹತ್ತಕೂಡದೆಂದಿತು. ಆ ದೇಶದ ಸೆರೆಮನೆಗಳಿಂದ ತಮ್ಮ ವಿಚಾರಣೆ ನ್ಯಾಯವಾಗಿ ನಡೆಯಲಿಲ್ಲವೆಂದು ಕೈದಿಗಳು ಬರೆದುಕೊಂಡ ಅರ್ಜಿಗಳೇ ನ್ಯಾಯಸ್ಥಾನದ ಪಟ್ಟಿಯಲ್ಲಿ ಬಹುಭಾಗವಾಗಿದ್ದುವೆಂಬುದನ್ನು ನೆನೆದರೆ ಕಾರಣವನ್ನು ಹುಡುಕಬೇಕಾಗಿಲ್ಲ. ಪಕ್ಷಕ್ಕೆ ಸೇರದ ಪ್ರಜೆಯೂ ಚುನಾವಣೆಗೆ ನಿಲ್ಲಬಹುದೆಂದು ಪಾದ್ರಿ ಕ್ರಿಸ್ಟೋಫರ್ ಮ್ಟಿಕಿಲ ಅವರು ೨೦೧೩ರ ಜೂನಿನಲ್ಲಿ ಪಡೆದ ತೀರ್ಪು, ಅವರು ೨೦೧೫ರಲ್ಲಿ ತೀರಿಕೊಂಡಾಗಲೂ ಕಾಗದದ ಮೇಲೆಯೇ ಇತ್ತು. ೨೦೨೦ರ ಮಾರ್ಚಿಯಲ್ಲಿ ಬೆನಿನ್, ಏಪ್ರಿಲಿನಲ್ಲಿ ಐವರಿ ಕೋಸ್ಟ್, ೨೦೨೫ರ ಮಾರ್ಚಿಯಲ್ಲಿ ಟ್ಯುನೀಷಿಯ ಹೀಗೆ ಒಂದೊಂದಾಗಿ ಬೀಗ ಬಿದ್ದುವು. ಐವರಿ ಕೋಸ್ಟಿಗಂತೂ ಮಾಜಿ ಪ್ರಧಾನಿ ಗಿಯೋಂ ಸೋರೊ ಅವರ ಮೇಲಿನ ಬಂಧನದ ವಾರಂಟನ್ನು ತಡೆಹಿಡಿಯಿರೆಂಬ ಆಜ್ಞೆ ಬಂದು ಒಂದು ವಾರವೂ ತಡೆಯಲಿಲ್ಲ.

ಈ ಸರ್ಕಾರಗಳು ಹೇಳಿಕೊಂಡ ಕಾರಣವೆಂದರೆ ಸಾರ್ವಭೌಮತ್ವ. ಇದನ್ನು ಒಂದು ನಗೆಯಿಂದ ತಳ್ಳಿಹಾಕುವವರಲ್ಲಿ ನಾನೊಬ್ಬನಲ್ಲ. ಬೆನಿನ್ ದೇಶದ ಸ್ಥಳೀಯ ಚುನಾವಣೆಗಳಿಗೆ ತಿಂಗಳೊಂದಿರುವಾಗ ಅವನ್ನು ನಿಲ್ಲಿಸಿರೆಂದು ೨೦೨೦ರ ಏಪ್ರಿಲಿನಲ್ಲಿ ನ್ಯಾಯಸ್ಥಾನವು ಕೊಟ್ಟ ಮಧ್ಯಂತರ ಆಜ್ಞೆಯು ವಿವೇಕದ್ದೇ ಎಂದು ಕೇಳಿದರೆ, ಸಾವಿರ ಮೈಲಿ ದೂರ ಕುಳಿತ ನ್ಯಾಯಾಧೀಶರು ಒಂದು ದೇಶದ ಮತದಾನವನ್ನು ತಡೆಯುವಾಗ ಇನ್ನಷ್ಟು ಹಿಂಜರಿಯಬೇಕಾಗಿತ್ತೆಂದೇ ನನ್ನ ಅಭಿಪ್ರಾಯ. ಆದರೆ ಅದಕ್ಕೆ ಮದ್ದು ಯಾವುದು? ಪುನರ್ವಿಚಾರಣೆಯನ್ನು ಕೇಳುವುದು, ಎದುರುವಾದ ಹೂಡುವುದು, ಒಡಂಬಡಿಕೆಯ ತಿದ್ದುಪಡಿಯನ್ನು ಬಹಿರಂಗ ಸಭೆಯಲ್ಲಿ ಸೂಚಿಸುವುದು. ವೈದ್ಯನ ಒಂದು ಔಷಧ ಕಹಿಯಾಯಿತೆಂದು ಊರಿನ ಆಸ್ಪತ್ರೆಗೇ ಬೀಗ ಜಡಿಯುವ ಪಟೇಲನನ್ನು ನಾವು ಸ್ವಾಭಿಮಾನಿಯೆಂದು ಕರೆಯುತ್ತೇವೆಯೆ? ಅದಲ್ಲದೆ ಸಾರ್ವಭೌಮತ್ವವು ಯಾರದು? ಸನ್ನದಿಗೆ ರುಜು ಹಾಕುವಾಗ ಸರ್ಕಾರವು ಪ್ರಜೆಗಳ ಹೆಸರಿನಲ್ಲಿ ಹಾಕಿತು. ಆ ರುಜುವಿನಿಂದ ಬಂದ ಮರ್ಯಾದೆಯನ್ನು ಲೋಕದ ಸಭೆಗಳಲ್ಲಿ ಪ್ರಜೆಗಳ ಹೆಸರಿನಲ್ಲಿಯೇ ಅನುಭವಿಸಿತು. ಲೆಕ್ಕ ಕೇಳುವ ಹೊತ್ತು ಬಂದಾಗ ಮಾತ್ರ ಪ್ರಜೆಯು ಪರಕೀಯನಾದುದು ಹೇಗೆ?

"ಇಂಥ ನ್ಯಾಯಸ್ಥಾನಗಳಿಗೆ ಹೋಗುವವರು ಹೊರದೇಶದ ಹಣ ತಿಂದ ರಾಜಕೀಯ ಪುಢಾರಿಗಳು" ಎಂಬ ಮಾತೂ ಇದೆ. ಇದಕ್ಕೆ ಪಶ್ಚಿಮ ಆಫ್ರಿಕಾವೇ ಉತ್ತರ ಕೊಡಲಿ. ಎಕೊವಾಸ್ ಎಂಬ ಅಲ್ಲಿನ ಆರ್ಥಿಕ ಸಮುದಾಯಕ್ಕೆ ತನ್ನದೇ ನ್ಯಾಯಸ್ಥಾನವುಂಟು. ನೈಜೀರಿಯವು ೨೦೦೩ರಲ್ಲಿ ಬೆನಿನ್ ಗಡಿಯನ್ನು ಮುಚ್ಚಿದಾಗ ಅಫೊಲಾಬಿ ಎಂಬ ವ್ಯಾಪಾರಿಯೊಬ್ಬರು, ಜನರೂ ಸರಕೂ ತಡೆಯಿಲ್ಲದೆ ಓಡಾಡಬಹುದೆಂದು ನೀವೇ ಒಪ್ಪಿಲ್ಲವೆ ಎಂದು ದಾವೆ ಹೂಡಿದರು. ವ್ಯಕ್ತಿಗಳ ದಾವೆಯನ್ನು ಕೇಳಲು ನಮಗೆ ಅಧಿಕಾರವಿಲ್ಲವೆಂದು ೨೦೦೪ರಲ್ಲಿ ನ್ಯಾಯಾಧೀಶರು ಅದನ್ನು ವಜಾ ಮಾಡಿದರು. ವ್ಯಾಪಾರಿ ಸೋತನು, ಆದರೆ ಆ ಸೋಲಿನ ಅನ್ಯಾಯವು ಎಲ್ಲರ ಕಣ್ಣಿಗೂ ಹೊಡೆಯುವಂತಿದ್ದುದರಿಂದ, ೨೦೦೫ರ ಜನವರಿಯಲ್ಲಿ ಒಡಂಬಡಿಕೆಯೇ ತಿದ್ದಲ್ಪಟ್ಟು ಪ್ರಜೆಗಳಿಗೆ ನೇರವಾದ ಪ್ರವೇಶ ದೊರೆಯಿತು. ಇಲ್ಲಿ ಸರ್ಕಾರದ ಪ್ರತ್ಯೇಕ ಘೋಷಣೆಯ ತಂಟೆಯಿಲ್ಲ; ಸ್ವದೇಶದ ಕೋರ್ಟುಗಳ ಮೆಟ್ಟಿಲುಗಳನ್ನೆಲ್ಲ ಹತ್ತಿಳಿದು ಬರಬೇಕೆಂಬ ನಿಯಮವೂ ಇಲ್ಲ.

ಹಾಗೆ ತೆರೆದ ಬಾಗಿಲಿನಿಂದ ಒಳಗೆ ಬಂದವರಲ್ಲಿ ಹಾದಿಜಾತು ಮಾನಿ ಎಂಬ ಹೆಂಗಸೊಬ್ಬಳು. ನೈಜರ್ ದೇಶದವಳು, ೧೯೯೬ರಲ್ಲಿ, ಹನ್ನೆರಡು ವರ್ಷದ ಹುಡುಗಿಯಾಗಿದ್ದಾಗ, ೨,೪೦,೦೦೦ ಫ್ರಾಂಕುಗಳಿಗೆ ಮಾರಲ್ಪಟ್ಟಳು. ಒಂಬತ್ತು ವರ್ಷ ಒಬ್ಬನ ಮನೆಯಲ್ಲಿ ಹೊಲಗೆಲಸ, ಮನೆಗೆಲಸ, ಅವನ ಬಲಾತ್ಕಾರ, ಅವನ ಮಕ್ಕಳನ್ನು ಹೆರುವುದು. ೨೦೦೫ರಲ್ಲಿ ಬಿಡುಗಡೆಯ ಪತ್ರ ಕೈಗೆ ಬಂದಮೇಲೆ ತನಗೆ ಒಪ್ಪಿದವನನ್ನು ಮದುವೆಯಾದಳು. ಆಗ ಹಳೆಯ ಒಡೆಯನು "ಇವಳು ನನ್ನ ಹೆಂಡತಿ" ಎಂದು ಕಚೇರಿ ಹತ್ತಿದನು. ಗಂಡನಿರುವಾಗ ಮತ್ತೊಬ್ಬನನ್ನು ಕೂಡಿದಳೆಂದು ಅವಳಿಗೇ ಸೆರೆವಾಸದ ಶಿಕ್ಷೆಯಾಯಿತು. ನೈಜರ್ ದೇಶವು ಗುಲಾಮಗಿರಿಯನ್ನು ಅಪರಾಧವೆಂದು ೨೦೦೩ರಲ್ಲಿಯೇ ಕಾನೂನು ಮಾಡಿತ್ತೆಂಬುದನ್ನು ವಾಚಕರು ಮರೆಯಬಾರದು. ಕಾನೂನು ಇತ್ತು, ಸನ್ನದೂ ಇತ್ತು. ಅವೆರಡೂ ಈ ಹೆಂಗಸಿನ ಮನೆಯ ತನಕ ನಡೆದು ಬರಲಿಲ್ಲ. ಎಕೊವಾಸ್ ನ್ಯಾಯಸ್ಥಾನವು ೨೦೦೮ರ ಏಪ್ರಿಲಿನಲ್ಲಿ ತಾನೇ ನೈಜರಿನ ರಾಜಧಾನಿ ನಿಯಾಮೆಗೆ ಬಂದು ವಿಚಾರಣೆ ನಡೆಸಿ, ಅದೇ ವರ್ಷದ ಅಕ್ಟೋಬರ್ ೨೭ರಂದು, ಈಕೆಯನ್ನು ದಾಸ್ಯದಿಂದ ಕಾಪಾಡದೆ ಹೋದುದು ಸರ್ಕಾರದ ತಪ್ಪೆಂದು ಹೇಳಿ ಒಂದು ಕೋಟಿ ಫ್ರಾಂಕುಗಳ ಪರಿಹಾರವನ್ನು ವಿಧಿಸಿತು. ೨೦೦೯ರಲ್ಲಿ ಹಣ ಅವಳ ಕೈಸೇರಿತು. ಇವಳು ಯಾವ ಪುಢಾರಿ? ಯಾವ ಹೊರದೇಶದ ದಳ್ಳಾಳಿ?

ಇನ್ನೂ ಒಂದು ಉದಾಹರಣೆ ಸಾಕು. ಸಿಯೆರಾ ಲಿಯೋನಿನಲ್ಲಿ ಗರ್ಭಿಣಿಯರಾದ ಹುಡುಗಿಯರು ಶಾಲೆಗೆ ಬರಕೂಡದೆಂದು ೨೦೧೫ರಲ್ಲಿ ಸರ್ಕಾರ ನಿಷೇಧಿಸಿತ್ತು. ಎಬೋಲಾ ಪಿಡುಗಿನ ಕಾಲದಲ್ಲಿ ಬಲಾತ್ಕಾರಕ್ಕೆ ಸಿಕ್ಕಿ ಬಸಿರಾದ ಮಕ್ಕಳೂ ಅವರಲ್ಲಿದ್ದರು. ೨೦೧೯ರ ಡಿಸೆಂಬರಿನಲ್ಲಿ ಇದೇ ನ್ಯಾಯಸ್ಥಾನವು ಅದನ್ನು ಭೇದಬುದ್ಧಿಯ ಆಜ್ಞೆಯೆಂದು ಖಂಡಿಸಿತು. ೨೦೨೦ರ ಮಾರ್ಚಿಯಲ್ಲಿ ಸರ್ಕಾರವು ನಿಷೇಧವನ್ನು ತೆಗೆದುಹಾಕಿತು. ಎಲ್ಲ ಸರ್ಕಾರಗಳೂ ಹೀಗೆಯೇ ತಲೆಬಾಗುತ್ತವೆಂದು ನಾನು ಹೇಳುವುದಿಲ್ಲ. ಪತ್ರಕರ್ತ ಎಬ್ರಿಮಾ ಮಾನ್ನೆಯವರನ್ನು ಬಿಡುಗಡೆ ಮಾಡಿರೆಂದು ೨೦೦೮ರಲ್ಲಿ ಬಂದ ಆಜ್ಞೆಗೆ ಗ್ಯಾಂಬಿಯದ ಅಧ್ಯಕ್ಷ ಜಮ್ಮೆಯವರು ಕಿವಿಗೊಡಲೇ ಇಲ್ಲ. ಬದಲಿಗೆ ನ್ಯಾಯಸ್ಥಾನದ ಅಧಿಕಾರವನ್ನೇ ಮೊಟಕುಗೊಳಿಸಲು ೨೦೦೯ರಲ್ಲಿ ಯತ್ನಿಸಿ ವಿಫಲರಾದರು. ಚುನಾವಣೆಯಲ್ಲಿ ಸೋತೂ ಪೀಠ ಬಿಡದ ಅದೇ ಜಮ್ಮೆಯವರನ್ನು ೨೦೧೭ರ ಜನವರಿಯಲ್ಲಿ ದೇಶ ಬಿಡಿಸಿದುದು ಎಕೊವಾಸ್ ರಾಷ್ಟ್ರಗಳ ಒತ್ತಾಯವೇ. ಮಾನ್ನೆಯವರಿಗೆ ಮಾತ್ರ ಅದರಿಂದ ಏನೂ ಆಗಲಿಲ್ಲ. ೨೦೨೫ರ ಜನವರಿ ೨೯ರಂದು ಮಾಲಿ, ಬುರ್ಕಿನಾ ಫಾಸೊ, ನೈಜರ್ ಮೂರು ದೇಶಗಳೂ ಎಕೊವಾಸನ್ನು ಬಿಟ್ಟು ಹೊರಟವು. ಮೂರರಲ್ಲಿಯೂ ಆಳುತ್ತಿದ್ದುದು ಸೈನಿಕರು. ಈ ನಿರ್ಧಾರಕ್ಕೆ ಯಾವ ಚುನಾಯಿತ ಸಭೆಯ ಒಪ್ಪಿಗೆಯನ್ನೂ ಅವರು ಕೇಳಲಿಲ್ಲ. ಹಾದಿಜಾತುವಿನ ದೇಶದಲ್ಲಿ ನಾಳೆ ಅಂಥ ಮತ್ತೊಬ್ಬ ಹುಡುಗಿಗೆ ಆ ಬಾಗಿಲಿಲ್ಲ.

ದಕ್ಷಿಣಕ್ಕೆ ಬಂದರೆ ಕಥೆ ಇನ್ನೂ ಕೆಟ್ಟದು. ಅಲ್ಲಿನ ಸಾಡಕ್ ಎಂಬ ಅಭಿವೃದ್ಧಿ ಸಮುದಾಯವು ೧೯೯೨ರ ಒಡಂಬಡಿಕೆಯಲ್ಲಿ ಮಾನವ ಹಕ್ಕು, ಪ್ರಜಾಪ್ರಭುತ್ವ, ನ್ಯಾಯದ ಆಳ್ವಿಕೆ ಇವನ್ನು ತನ್ನ ತತ್ತ್ವಗಳೆಂದು ಸಾರಿ, ನಮೀಬಿಯದ ವಿಂಡ್‌ಹುಕ್ ನಗರದಲ್ಲಿ ಒಂದು ನ್ಯಾಯಮಂಡಲಿಯನ್ನು ಸ್ಥಾಪಿಸಿತ್ತು. ಜಿಂಬಾಬ್ವೆಯ ಮೈಕ್ ಕ್ಯಾಂಬೆಲ್ ಎಂಬ ಬಿಳಿಯ ರೈತರೂ ಅವರಂಥ ಇತರರೂ ತಮ್ಮ ಜಮೀನುಗಳನ್ನು ಸರ್ಕಾರ ಕಸಿದುಕೊಂಡಿತೆಂದು ಅಲ್ಲಿಗೆ ಹೋದರು. ವಸಾಹತಿನ ಕಾಲದಲ್ಲಿ ಕರಿಯರಿಂದ ಕಿತ್ತುಕೊಂಡ ನೆಲವನ್ನು ಮರಳಿ ಹಂಚಬೇಕೆಂಬುದು ನ್ಯಾಯವಾದ ಬೇಡಿಕೆ. ಅದನ್ನು ನಿರಾಕರಿಸುವವನು ಚರಿತ್ರೆಯನ್ನು ಓದದವನು. ಆದರೆ ನ್ಯಾಯಮಂಡಲಿಯ ಮುಂದಿದ್ದ ಪ್ರಶ್ನೆ ಬೇರೆ: ೨೦೦೫ರ ತಿದ್ದುಪಡಿಯಿಂದ ಕೋರ್ಟಿಗೆ ಹೋಗುವ ಹಕ್ಕನ್ನೇ ಕಿತ್ತುಹಾಕಿ, ಪರಿಹಾರ ಕೊಡದೆ, ಬಣ್ಣ ನೋಡಿ ಜಮೀನು ಕಿತ್ತುಕೊಳ್ಳಬಹುದೆ? ಕೂಡದೆಂದು ೨೦೦೮ರ ನವೆಂಬರ್ ೨೮ರಂದು ತೀರ್ಪಾಯಿತು. ಜಿಂಬಾಬ್ವೆ ಅದನ್ನು ಒಪ್ಪಲಿಲ್ಲ. ಆಗ ಉಳಿದ ಸರ್ಕಾರಗಳು ತಪ್ಪಿದವನನ್ನು ತಿದ್ದಿದವೆಂದು ಭಾವಿಸಿದಿರೊ? ಇಲ್ಲ, ೨೦೧೦ರ ಆಗಸ್ಟಿನಲ್ಲಿ ನ್ಯಾಯಮಂಡಲಿಯ ಕೆಲಸವನ್ನೇ ನಿಲ್ಲಿಸಿ, ೨೦೧೨ರಲ್ಲಿ ಮಾಪುಟೊ ನಗರದಲ್ಲಿ ಸೇರಿ, ಮುಂದೆ ಅದು ಸರ್ಕಾರ-ಸರ್ಕಾರಗಳ ವ್ಯಾಜ್ಯಗಳನ್ನಷ್ಟೆ ಕೇಳತಕ್ಕದ್ದೆಂದು ನಿರ್ಣಯಿಸಿದವು.

ಇದರಿಂದ ನಷ್ಟವಾದುದು ಬಿಳಿಯ ರೈತರಿಗೆ ಮಾತ್ರವೆ? ಪೋಲೀಸರಿಂದಲೂ ಸೈನಿಕರಿಂದಲೂ ಪೆಟ್ಟು ತಿಂದು ಅಂಗಹೀನರಾದ ಜಿಂಬಾಬ್ವೆಯ ಕರಿಯ ಪ್ರಜೆಗಳು, ಸ್ವದೇಶದ ಕೋರ್ಟುಗಳು ವಿಧಿಸಿದ ಪರಿಹಾರವನ್ನು ಸರ್ಕಾರ ಕೊಡುತ್ತಿಲ್ಲವೆಂದು ಇದೇ ಮಂಡಲಿಗೆ ಹೋಗಿ ೨೦೧೦ರ ಡಿಸೆಂಬರಿನಲ್ಲಿ ಗೆದ್ದರು. ಗೊಂಡೊ ಪ್ರಕರಣವೆಂದು ಅದಕ್ಕೆ ಹೆಸರು. ಅವರು ತೀರ್ಪನ್ನು ಕೈಯಲ್ಲಿ ಹಿಡಿಯುವ ಹೊತ್ತಿಗೆ ಮಂಡಲಿಯು ಕಣ್ಣು ಮುಚ್ಚುತ್ತಿತ್ತು. ಕ್ಯಾಂಬೆಲ್ಲರ ಹೆಸರನ್ನು ಹೇಳಿ ಚಪ್ಪಾಳೆ ಗಿಟ್ಟಿಸಿದವರು ಗೊಂಡೊ ಹೆಸರನ್ನು ಎಲ್ಲಿಯೂ ಎತ್ತುವುದಿಲ್ಲ.

ಹಾಗಾದರೆ ಪ್ರಜೆಗಳು ಮಾಡತಕ್ಕದ್ದೇನು? ನನಗೆ ಅತ್ಯಂತ ಆಶಾದಾಯಕವಾಗಿ ಕಂಡ ಘಟನೆ ಇಲ್ಲಿಯೇ ಇದೆ. ದಕ್ಷಿಣ ಆಫ್ರಿಕದ ವಕೀಲರ ಸಂಘವು ಅರೂಷಾಕ್ಕೂ ಹೋಗಲಿಲ್ಲ, ವಿಂಡ್‌ಹುಕ್ಕಿಗೂ ಹೋಗಲಿಲ್ಲ. ಸ್ವಂತ ದೇಶದ ಕೋರ್ಟಿಗೆ ಹೋಯಿತು. ಪ್ರಜೆಗಳಿಗೆ ಒಡಂಬಡಿಕೆಯಿಂದ ಬಂದ ಪ್ರವೇಶವನ್ನು ಕಿತ್ತುಕೊಳ್ಳುವ ನಿರ್ಣಯದಲ್ಲಿ ಭಾಗಿಯಾಗಿ, ೨೦೧೪ರ ಹೊಸ ಪತ್ರಕ್ಕೆ ರುಜು ಹಾಕಲು ಅಧ್ಯಕ್ಷ ಜೂಮಾ ಅವರಿಗೆ ಯಾರು ಅಧಿಕಾರವಿತ್ತರೆಂಬುದು ಅವರ ಪ್ರಶ್ನೆ. ೨೦೧೮ರ ಡಿಸೆಂಬರ್ ೧೧ರಂದು ಸಂವಿಧಾನ ನ್ಯಾಯಾಲಯವು ಆ ರುಜು ಸಂವಿಧಾನಕ್ಕೆ ವಿರುದ್ಧವೂ ಯುಕ್ತಿಹೀನವೂ ಆದುದೆಂದು ಹೇಳಿತು. ೨೦೧೯ರಲ್ಲಿ ಮುಂದಿನ ಅಧ್ಯಕ್ಷರಾದ ರಾಮಫೋಸ ಅವರು ಅದನ್ನು ಹಿಂತೆಗೆದುಕೊಂಡರು. ಅದಕ್ಕೂ ಮೊದಲು, ೨೦೧೩ರಲ್ಲಿ, ಇದೇ ನ್ಯಾಯಾಲಯವು ಸಾಡಕ್ ಮಂಡಲಿಯು ವಿಧಿಸಿದ್ದ ಖರ್ಚಿನ ಹಣವನ್ನು ವಸೂಲು ಮಾಡಲು ಒಪ್ಪಿದುದರಿಂದ, ಕೇಪ್‌ಟೌನಿನಲ್ಲಿದ್ದ ಜಿಂಬಾಬ್ವೆ ಸರ್ಕಾರದ ಮನೆಯೊಂದು ೨೦೧೫ರಲ್ಲಿ ಹರಾಜಾಯಿತು. ಬರಿಯ ಕಾಗದವೆನ್ನುವವರು ಆ ಹರಾಜಿನ ಡಮರು ಸದ್ದನ್ನು ನೆನೆಯಲಿ.

ಇಲ್ಲಿ ಒಂದು ಮಾತನ್ನು ನಮ್ಮ ಕಡೆಗೆ ತಿರುಗಿಸದಿದ್ದರೆ ಪಕ್ಷಪಾತವಾದೀತು. ದಕ್ಷಿಣ ಏಷ್ಯದ ಸಾರ್ಕ್ ಸಂಸ್ಥೆಯ ಎರಡನೆಯ ಶೃಂಗಸಭೆ ೧೯೮೬ರ ನವೆಂಬರಿನಲ್ಲಿ ಸೇರಿದುದು ನಮ್ಮ ಬೆಂಗಳೂರಿನಲ್ಲಿಯೇ; ಕಠ್ಮಂಡುವಿನ ಕಾರ್ಯಾಲಯಕ್ಕೆ ಒಪ್ಪಂದವಾದುದೂ ಅಲ್ಲಿಯೇ. ಆ ಸಂಸ್ಥೆಯ ಸನ್ನದು ವಿವಾದದ ವಿಷಯಗಳನ್ನು ಚರ್ಚೆಯಿಂದಲೇ ಹೊರಗಿಟ್ಟಿದೆ. ನ್ಯಾಯಸ್ಥಾನವಿಲ್ಲ, ಆಯೋಗವಿಲ್ಲ, ನಾವು ಬೀಗ ಹಾಕಲು ಬಾಗಿಲನ್ನೇ ಇಟ್ಟಿಲ್ಲ. ಆಫ್ರಿಕಾದ ಪ್ರಜೆಯು ಬಾಗಿಲು ಬಡಿಯುವುದನ್ನು ನೋಡಿ ತಾತ್ಸಾರದ ನಗೆ ನಗುವವರು ಇದನ್ನು ಸ್ವಲ್ಪ ಆಲೋಚಿಸಬೇಕು.

ನ್ಯಾಯಸ್ಥಾನಕ್ಕೆ ಬರದ ವಾಗ್ದಾನಗಳೂ ಉಂಟು. ವಾರ್ಷಿಕ ಆಯವ್ಯಯದಲ್ಲಿ ನೂರಕ್ಕೆ ಹದಿನೈದನ್ನು ಆರೋಗ್ಯಕ್ಕೆ ಕೊಡುವೆವೆಂದು ೨೦೦೧ರಲ್ಲಿ ಅಬೂಜದಲ್ಲಿ, ನೂರಕ್ಕೆ ಹತ್ತನ್ನು ಬೇಸಾಯಕ್ಕೆ ಕೊಡುವೆವೆಂದು ೨೦೦೩ರಲ್ಲಿ ಮಾಪುಟೊದಲ್ಲಿ ಇದೇ ನಾಯಕರು ಸಾರಿದರು. ಬಹುಪಾಲು ಸರ್ಕಾರಗಳು ಅದನ್ನು ಮುಟ್ಟಲಿಲ್ಲ. ಇಲ್ಲಿ ವಕೀಲನಿಗಿಂತ ಆಯವ್ಯಯ ಪತ್ರವನ್ನು ಓದಬಲ್ಲ ಶಾಲಾಮಾಸ್ತರರೇ ಹೆಚ್ಚು ಉಪಯೋಗಿ.

ತೀರ್ಪು ಬಂದಮೇಲೂ ಕೆಲಸ ಮುಗಿಯುವುದಿಲ್ಲ. ಕೀನ್ಯದ ಮೌ ಅರಣ್ಯದಲ್ಲಿ ಜೇನು ಬಿಡಿಸಿ ಬಾಳುವ ಓಗಿಯೆಕ್ ಜನರನ್ನು ೨೦೦೯ರಲ್ಲಿ ಮೂವತ್ತು ದಿನಗಳಲ್ಲಿ ಕಾಡು ಬಿಡಿರೆಂದು ಸರ್ಕಾರ ಆಜ್ಞಾಪಿಸಿತು. ಆಯೋಗವೇ ಅವರ ಪರವಾಗಿ ಅರೂಷಾಕ್ಕೆ ಹೋಯಿತು. ೨೦೧೭ರ ಮೇ ೨೬ರಂದು ಅವರು ಗೆದ್ದರು. ೨೦೨೨ರ ಜೂನ್ ೨೩ರಂದು ೧೫,೭೮,೫೦,೦೦೦ ಷಿಲಿಂಗುಗಳ ಪರಿಹಾರವೂ, ನೆಲವನ್ನು ಅವರ ಹೆಸರಿಗೆ ಮಾಡಿಕೊಡಬೇಕೆಂಬ ಆಜ್ಞೆಯೂ ಆಯಿತು. ೨೦೨೩ರ ನವೆಂಬರಿನಲ್ಲಿ ಅದೇ ಅರಣ್ಯದಲ್ಲಿ ಓಗಿಯೆಕರ ಮನೆಗಳು ಮತ್ತೆ ಕೆಡವಲ್ಪಟ್ಟವು. ಇಲ್ಲಿ ತಪ್ಪು ನ್ಯಾಯಸ್ಥಾನದ್ದೆ? ತೀರ್ಪಿನ ಪಾಲನೆಯನ್ನು ನೋಡಿಕೊಳ್ಳತಕ್ಕವರು ಒಡಂಬಡಿಕೆಯ ಪ್ರಕಾರ ಒಕ್ಕೂಟದ ಮಂತ್ರಿಗಳ ಮಂಡಲಿ. ಅಂದರೆ ಒಬ್ಬ ಪ್ರತಿವಾದಿಯ ಮೇಲಿನ ಡಿಕ್ರಿಯನ್ನು ಉಳಿದ ಪ್ರತಿವಾದಿಗಳೆಲ್ಲ ಕೂಡಿ ಜಾರಿ ಮಾಡಬೇಕು!

ಮೂಲದ ಬೀಗವನ್ನೇ ಒಡೆಯಲು ಒಮ್ಮೆ ಒಬ್ಬರು ಹೊರಟುದುಂಟು. ನೈಜೀರಿಯದ ವಕೀಲ ಫೆಮಿ ಫಲಾನಾ ಅವರು, ತಮ್ಮ ಸರ್ಕಾರವು ೩೪(೬)ರ ಘೋಷಣೆಯನ್ನು ಮಾಡದಿರುವುದನ್ನು ಕಂಡು, ಸರ್ಕಾರವನ್ನು ಬಿಟ್ಟು ಆಫ್ರಿಕಾ ಒಕ್ಕೂಟದ ಮೇಲೆಯೇ ಆಫ್ರಿಕಾ ನ್ಯಾಯಸ್ಥಾನದಲ್ಲಿ ದಾವೆ ಹೂಡಿದರು: ಈ ಉಪವಿಧಿಯೇ ಸನ್ನದಿಗೆ ವಿರುದ್ಧ, ಇದನ್ನು ರದ್ದುಮಾಡಿ ಎಂದು. ಒಕ್ಕೂಟವು ಒಡಂಬಡಿಕೆಯ ಪಕ್ಷಗಾರನಲ್ಲವಾದ್ದರಿಂದ ದಾವೆ ನಡೆಯದೆಂದು ೨೦೧೨ರ ಜೂನ್ ೨೬ರಂದು ಬಹುಮತದ ತೀರ್ಪಾಯಿತು. ಆದರೆ ಮೂವರು ನ್ಯಾಯಾಧೀಶರು ಆ ಬಹುಮತವನ್ನು ಸೇರದೆ, ಸನ್ನದು ಕೊಟ್ಟ ಹಕ್ಕನ್ನು ಅದರ ರಕ್ಷಣೆಗೆಂದೇ ಹುಟ್ಟಿದ ಪತ್ರವೊಂದು ಕಿತ್ತುಕೊಳ್ಳಲಾರದು, ಆದಕಾರಣ ಆ ಉಪವಿಧಿ ಊರ್ಜಿತವಲ್ಲ ಎಂದು ಬೇರೆಯಾಗಿ ಬರೆದಿಟ್ಟಿದ್ದಾರೆ. ಅರೂಷಾದ ದಫ್ತರದಲ್ಲಿ ಆ ಭಿನ್ನಮತವು ಇದೆ. ಮುಂದಿನ ಫಿರ್ಯಾದಿಯು ತನ್ನ ಅರ್ಜಿಯನ್ನು ಅಲ್ಲಿಂದಲೇ ಪ್ರಾರಂಭಿಸಬಹುದು.